ಕಲ್ಲು ಹಾಕಿದರೆ ಜಾಗ ಉಳಿಯಬಹುದು, ಕಿನಾರೆ ಉಳಿಯದು

ಮಳೆಗಾಲ ಬಲಿಯುತ್ತಿದ್ದಂತೆ ಕಡಲ ಬದಿಯ ಜಾಗದವರು ನನ್ನಂಥ ಇಂಜಿನಿಯರುಗಳಲ್ಲಿ ಕೇಳುವುದು ಒಂದೇ ಮಾತು: "ನಾಲ್ಕು ಲೋಡು ಕಲ್ಲು ಹಾಕಿಸಿದರೆ ಸಾಕಲ್ಲವೇ ಸರ್?" ತೆಂಗಿನ ಬುಡ ಕಳಚುತ್ತಿರುವಾಗ ತಾಳ್ಮೆಯಿಂದಿರಿ ಎನ್ನುವುದು ಕಷ್ಟ, ಆದರೂ ಕಲ್ಲಿನ ಗೋಡೆ ಕಿನಾರೆಯನ್ನು ಉಳಿಸುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ.

ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುವುದರಿಂದ 1 ಮೀಟರ್ ಅಲೆಗಿಂತ 3 ಮೀಟರ್ ಅಲೆಯಲ್ಲಿ 9 ಪಟ್ಟು ಶಕ್ತಿ ಇರುತ್ತದೆ. ಮುಂಗಾರಿನ ಇಂಥ ಅಲೆಗಳು ದಡದ ಮರಳನ್ನು ಸೆಳೆದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಪೇರಿಸುತ್ತವೆ. ಅವುಗಳ ಹಿಂದೆ ಬರುವ ದೊಡ್ಡ ಅಲೆಗಳು ಆ ದಿಬ್ಬದ ಮೇಲೆಯೇ ಒಡೆದು ಸೊರಗುತ್ತವೆ. ಮಳೆ ಕಳೆದ ಮೇಲೆ ತಗ್ಗಿನ ಅಲೆಗಳು ಆ ಮರಳನ್ನು ವಾಪಸು ತರುತ್ತವೆ. ಹೋದ ಮರಳೆಲ್ಲ ನಷ್ಟವಲ್ಲ, ಅದು ದಡದ ಠೇವಣಿ.

ಗೋಡೆಗೆ ಬಡಿದ ಅಲೆಯಾದರೋ ಮರಳಿನ ಇಳಿಜಾರನ್ನು ಹತ್ತಿ ದಣಿಯುವುದಿಲ್ಲ. ಹಿಂದಕ್ಕೆ ಪುಟಿದು ಗೋಡೆಯ ಬುಡವನ್ನೇ ಕೆರೆಯುತ್ತದೆ. ಅಲೆ ಒಡೆಯುವುದು ತನ್ನ ಎತ್ತರಕ್ಕಿಂತ ತುಸು ಹೆಚ್ಚು ಆಳವಿರುವಲ್ಲಿ. ಆದ್ದರಿಂದ ಬುಡ ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಒಡೆಯದೆ ಗೋಡೆಯವರೆಗೆ ಬರುತ್ತದೆ. ಕೆಳಗಿನ ಕಲ್ಲು ಮರಳಿನಲ್ಲಿ ಹೂತು ಮೇಲಿನದು ಜಾರುತ್ತದೆ. ಗೋಡೆಯ ಹಿಂದೆ ಸಿಕ್ಕಿಕೊಂಡ ಮರಳು ಕಡಲಿಗೆ ಎಟುಕದಾದಾಗ, ಕೊರತೆಯ ಪಾಲನ್ನು ತೆರುವವರು ಗೋಡೆ ಮುಗಿಯುವಲ್ಲಿ ಇರುವ ನೆರೆಯವರು.

ಕಾಪುವಿನ ಆಚೆ ಅಣ್ಣನೊಬ್ಬ ತನ್ನ ಪಾಲಿನ ಜಾಗಕ್ಕೆ ಕಲ್ಲು ಹಾಕಿಸಿದ್ದರು. ಮುಂದಿನ ಮಳೆಗಾಲದಲ್ಲಿ ಪಕ್ಕದ ತಮ್ಮನ ಅಂಗಳ ಕುಸಿದು, ಬಾವಿಯ ಸಿಮೆಂಟ್ ರಿಂಗುಗಳು ಆಳೆತ್ತರಕ್ಕೆ ಬಯಲಾಗಿ ನಿಂತವು. "ಹೊಯ್ಗೆ ಹೋದ ಮೇಲೆಯೇ ಅಪ್ಪ ಎಷ್ಟು ರಿಂಗು ಇಳಿಸಿದ್ದೆಂದು ಗೊತ್ತಾದದ್ದು," ಎಂದು ತಮ್ಮ ನಕ್ಕರು. ಅಣ್ಣನನ್ನು ದೂರಲಿಲ್ಲ, ಕಡಲನ್ನೇ ಬೈದರು. ನಮ್ಮ ಕರಾವಳಿಯವರ ಈ ದೊಡ್ಡ ಮನಸ್ಸೇ ಕಲ್ಲಿನ ಲಾರಿಗಳಿಗೆ ದಾರಿ ಸುಗಮ ಮಾಡಿದೆಯೇನೋ.

ಕಲ್ಲು ಎಲ್ಲಿಯೂ ಬೇಡವೆಂದು ನಾನು ಹೇಳುತ್ತಿಲ್ಲ. ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕಾ ಹೊಳೆಗೂ ನಡುವೆ ಹೆದ್ದಾರಿ ಇರುವುದರಿಂದ ಹಿಂದೆ ಸರಿಯಲು ಜಾಗವೇ ಇಲ್ಲ. ಉಳ್ಳಾಲದಲ್ಲಿ ದಡದಿಂದ ದೂರ ನೀರಿನಡಿ ಕಟ್ಟಿದ ಕೃತಕ ದಿಬ್ಬಗಳ ಉದ್ದೇಶವೂ ಅಲೆಯನ್ನು ಮೊದಲೇ ಒಡೆಯುವುದು. ಅಳಿವೆ ಬಾಗಿಲಿನಲ್ಲಿ ಅಲೆ ತಡೆಯಲು ಕಡಲೊಳಕ್ಕೆ ಚಾಚಿ ಕಟ್ಟಿದ ಕಲ್ಲಿನ ದಂಡೆಯ (ಬ್ರೇಕ್‌ವಾಟರ್) ಬದಿಯಲ್ಲಂತೂ ಹೋದ ಮರಳು ವಾಪಸು ಬಾರದೆಯೂ ಇರಬಹುದು. ನಿಮ್ಮ ದಡ ಯಾವ ಬಗೆಯದೆಂಬುದನ್ನು ಎರಡು ಮೂರು ವರ್ಷ ಮೇ ತಿಂಗಳಲ್ಲೂ ಆಗಸ್ಟಿನಲ್ಲೂ ಒಂದೇ ಗುರುತಿನಿಂದ ಅಳೆದ ಲೆಕ್ಕವಿಲ್ಲದೆ ನಾನು ಹೇಳಲಾರೆ.