ಬ್ಲೌ ಮಾಡಿದ ಆಫ್ರಿಕಾ ನಕ್ಷೆ: ಅಂಚಿನಿಂದ ಒಳಕ್ಕೆ ಓದೋಣ

ಈ ನಕ್ಷೆಯಲ್ಲಿ ಮೊದಲು ಕರಾವಳಿ ನೋಡಿ. ಊರು, ಕೊಲ್ಲಿ, ಭೂಶಿರಗಳ ಹೆಸರು ಒತ್ತೊತ್ತಾಗಿ ಕೂತಿವೆ. ಆಮೇಲೆ ಖಂಡದ ನಡುವಿಗೆ ಬನ್ನಿ. ಅಲ್ಲಿ ಆನೆ, ಸಿಂಹ, ಉಷ್ಟ್ರಪಕ್ಷಿಗಳು ಓಡಾಡುತ್ತಿವೆ. ಅಂಚಿಗೂ ನಡುವಿಗೂ ಯಾಕೆ ಇಷ್ಟು ವ್ಯತ್ಯಾಸ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಇಡೀ ನಕ್ಷೆ ಅರ್ಥವಾಗುತ್ತಾ ಹೋಗುತ್ತದೆ.

ಇದನ್ನು ಮಾಡಿದವನು ವಿಲ್ಲೆಮ್ ಬ್ಲೌ. 1571ರಲ್ಲಿ ಹಾಲೆಂಡಿನಲ್ಲಿ, ಮೀನು ವ್ಯಾಪಾರದ ಮನೆತನದಲ್ಲಿ ಹುಟ್ಟಿದ. ಅವನಿಗೆ ಒಲವಿದ್ದದ್ದು ಲೆಕ್ಕದ ಮೇಲೆ, ನಕ್ಷತ್ರಗಳ ಮೇಲೆ. 1595–96ರ ಚಳಿಗಾಲದಲ್ಲಿ ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆಯ ಬಳಿ ಹ್ವೇನ್ ದ್ವೀಪದಲ್ಲಿ ಇದ್ದು ಕಲಿತ. ನಂತರ ಆಮ್‌ಸ್ಟರ್‌ಡ್ಯಾಮಿನಲ್ಲಿ ಗೋಳ, ಉಪಕರಣ, ನಕ್ಷೆ ಮಾಡಿ ಮಾರುವ ಅಂಗಡಿ ಇಟ್ಟ. ಆಫ್ರಿಕಾ ನಕ್ಷೆ ಮೊದಲು ಬಂದದ್ದು ಸುಮಾರು 1617ರಲ್ಲಿ. ಹೆಸರು ಲ್ಯಾಟಿನ್‌ನಲ್ಲಿದೆ: ‘ಆಫ್ರಿಕೇ ನೋವಾ ಡಿಸ್ಕ್ರಿಪ್ಟಿಯೋ’. ಅಂದರೆ ಆಫ್ರಿಕಾದ ಹೊಸ ವಿವರಣೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಪೋರ್ಚುಗೀಸ್ ನಾವಿಕ ಬಾರ್ತಲೋಮಿಯೋ ಡಯಾಸ್ 1488ರಲ್ಲೇ ಖಂಡದ ದಕ್ಷಿಣ ತುದಿಯನ್ನು ಸುತ್ತಿದ್ದ. ಅಂದರೆ ಬ್ಲೌ ಕಾಲಕ್ಕೆ ಹಡಗುಗಳು ನೂರಕ್ಕೂ ಹೆಚ್ಚು ವರ್ಷ ಆ ದಡದ ಉದ್ದಕ್ಕೂ ಓಡಾಡಿದ್ದವು. ದಡ ತಪ್ಪಾಗಿ ಗೊತ್ತಿದ್ದರೆ ಹಡಗು ಬಂಡೆಗೆ ಬಡಿಯುತ್ತದೆ, ಜೀವ ಹೋಗುತ್ತದೆ. ಹಾಗಾಗಿ ಕರಾವಳಿಯ ಗೆರೆಯನ್ನು ಪ್ರತಿ ಪಯಣವೂ ತಿದ್ದುತ್ತಿತ್ತು. ಒಳನಾಡಿನ ಗೆರೆ ತಿದ್ದುವವರು ಯಾರು? ಯುರೋಪಿನವರು ಅಲ್ಲಿಗೆ ಹೋದದ್ದೇ ಕಡಿಮೆ. ಒಳಗಿನ ಜನರಿಗೆ ತಮ್ಮ ನದಿ, ದಾರಿ, ಸಂತೆ ಎಲ್ಲ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆ ಆಮ್‌ಸ್ಟರ್‌ಡ್ಯಾಮಿನ ಮೇಜಿಗೆ ತಲುಪಲಿಲ್ಲ, ಅಷ್ಟೇ. ಅದಕ್ಕೇ ಒಳನಾಡು ಪುಸ್ತಕದಿಂದ ಬಂತು.

ನೈಲ್ ನದಿಯನ್ನೇ ತೆಗೆದುಕೊಳ್ಳಿ. ಸಮಭಾಜಕಕ್ಕಿಂತ ಎಷ್ಟೋ ದಕ್ಷಿಣದಲ್ಲಿ ‘ಚಂದ್ರನ ಬೆಟ್ಟಗಳು’ ಇವೆ, ಅವುಗಳ ಹತ್ತಿರ ಎರಡು ದೊಡ್ಡ ಸರೋವರ, ಅಲ್ಲಿಂದ ನೈಲ್ ಹರಿದು ಬರುತ್ತದೆ. ಇದು ಎರಡನೇ ಶತಮಾನದ ಭೂಗೋಳಶಾಸ್ತ್ರಜ್ಞ ಟಾಲೆಮಿಯ ಮಾತು. ಬ್ಲೌ ಬರೆದಾಗ ಅದಕ್ಕೆ ಸುಮಾರು 1,450 ವರ್ಷ ವಯಸ್ಸು! ನೈಲ್ ನಿಜವಾಗಿ ಹೊರಡುವ ವಿಕ್ಟೋರಿಯಾ ಸರೋವರವನ್ನು ಇಂಗ್ಲೆಂಡಿನ ಅನ್ವೇಷಕ ಜಾನ್ ಸ್ಪೀಕ್ ಕಂಡದ್ದು 1858ರಲ್ಲಿ.

ನೈಜರ್ ನದಿಯ ಕಥೆ ನನಗೆ ಇನ್ನೂ ಇಷ್ಟ. ನಕ್ಷೆಯಲ್ಲಿ ಅದು ಪಶ್ಚಿಮಕ್ಕೆ ಹರಿದು ಅಟ್ಲಾಂಟಿಕ್ ಸೇರುತ್ತದೆ. ನಿಜವಾಗಿ ಅದು ಪೂರ್ವಕ್ಕೆ ಹರಿದು, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಈ ತಪ್ಪಿಗೆ ಬಲ ಕೊಟ್ಟವನು ಲಿಯೋ ಆಫ್ರಿಕಾನಸ್. ಗ್ರನಾಡದಲ್ಲಿ ಹುಟ್ಟಿದ ಅಲ್ ಹಸನ್ ಅಲ್ ವಜ್ಜಾನ್ ಎಂಬುವನಿಗೆ ಯುರೋಪಿನವರು ಇಟ್ಟ ಹೆಸರು ಅದು. ಅವನು ನಿಜವಾಗಿ ನೈಜರ್ ನದಿಯ ಹತ್ತಿರದ ಟಿಂಬಕ್ಟು ಊರಿನ ಕಡೆ ಪ್ರಯಾಣ ಮಾಡಿದವನು. 1550ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ನದಿ ಪಶ್ಚಿಮಕ್ಕೆ ಹರಿಯುತ್ತದೆ ಎಂದಿತ್ತು. ಹೋಗಿ ಬಂದವನೇ ಹೇಳಿದ ಮೇಲೆ ಯಾರು ಅನುಮಾನ ಪಡುತ್ತಾರೆ, ಅಲ್ವಾ? 1796ರಲ್ಲಿ ಸ್ಕಾಟ್ಲೆಂಡಿನ ಅನ್ವೇಷಕ ಮಂಗೋ ಪಾರ್ಕ್ ನದಿಯ ದಡದಲ್ಲಿ ನಿಂತು, ಅದು ಪೂರ್ವಕ್ಕೆ ಹರಿಯುವುದನ್ನು ಕಂಡ. ಇಲ್ಲಿ ಇನ್ನೊಬ್ಬನ ಹೆಸರನ್ನೂ ಬರೆದುಕೊಳ್ಳಿ. 1749ರಲ್ಲಿ ಫ್ರಾನ್ಸಿನ ದಾನ್ವಿಲ್ ತನ್ನ ಆಫ್ರಿಕಾ ನಕ್ಷೆಯಲ್ಲಿ ಖಚಿತವಿಲ್ಲದ ಕಡೆ ಖಾಲಿ ಜಾಗ ಬಿಟ್ಟ. ಸುಮ್ನೆ ತುಂಬಿಸದೆ ಬಿಡುವುದಕ್ಕೂ ಧೈರ್ಯ ಬೇಕು. ನನ್ನ ಮಟ್ಟಿಗೆ ಅದು ದೊಡ್ಡ ಹೆಜ್ಜೆ.

ಅಚ್ಚಿನ ಬಗ್ಗೆ ಸ್ವಲ್ಪ. ತಾಮ್ರದ ತಗಡಿನ ಮೇಲೆ ಅಕ್ಷರ, ಗೆರೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯುತ್ತಿದ್ದರು. ಗೀರುಗಳಲ್ಲಿ ಮಸಿ ತುಂಬಿ, ಮೇಲಿನದನ್ನು ಒರೆಸಿ, ಕಾಗದ ಇಟ್ಟು ಒತ್ತುತ್ತಿದ್ದರು. ಬಣ್ಣ ಆಮೇಲೆ ಕೈಯಲ್ಲಿ ಹಚ್ಚುವುದು. ಅದಕ್ಕೇ ಒಂದೇ ನಕ್ಷೆಯ ಎರಡು ಪ್ರತಿಗಳ ಬಣ್ಣ ಬೇರೆ ಬೇರೆ ಇರುತ್ತದೆ. 1630ರಿಂದ ಈ ನಕ್ಷೆ ಬ್ಲೌ ಮನೆತನದ ಅಟ್ಲಾಸ್‌ಗಳಲ್ಲಿ ಸೇರಿತು. ಪ್ರತಿಯ ಹಿಂಬದಿಯಲ್ಲಿ ಅಚ್ಚಾದ ಬರಹ ಲ್ಯಾಟಿನ್ನೋ, ಡಚ್ಚೋ, ಫ್ರೆಂಚೋ ನೋಡಿದರೆ ಅದು ಯಾವ ಅಟ್ಲಾಸಿನಿಂದ ಬಂದದ್ದು ಎಂಬ ಸುಳಿವು ಸಿಗುತ್ತದೆ. ವಿಲ್ಲೆಮ್ 1638ರಲ್ಲಿ ತೀರಿಕೊಂಡ. ಮಗ ಯೋವಾನ್ ಕೆಲಸ ಮುಂದುವರಿಸಿದ.

ಕೊನೆಗೆ ಅಂಚಿನ ಚಿತ್ರಗಳು. ಎರಡೂ ಬದಿಯಲ್ಲಿ ಈಜಿಪ್ಟಿನವರು, ಅಬಿಸೀನಿಯದವರು (ಇಂದಿನ ಇಥಿಯೋಪಿಯಾದವರು), ಕಾಂಗೋದ ಸೈನಿಕರು, ಮಡಗಾಸ್ಕರ್ ರಾಜ. ಮೇಲ್ಗಡೆ ಒಂಬತ್ತು ಊರುಗಳು: ಕೈರೋ, ಅಲೆಕ್ಸಾಂಡ್ರಿಯಾ, ಟ್ಯೂನಿಸ್, ಮೊಜಾಂಬಿಕ್ ಮುಂತಾದವು. ಅವುಗಳಲ್ಲಿ ಎಲ್ಮಿನಾವನ್ನು ಹುಡುಕಿ, ಸ್ವಲ್ಪ ಹೊತ್ತು ನೋಡಿ. ಇಂದಿನ ಘಾನಾದ ದಡದಲ್ಲಿ ಪೋರ್ಚುಗೀಸರು 1482ರಲ್ಲಿ ಕಟ್ಟಿದ ಕೋಟೆ ಅದು. ಕಟ್ಟಿದ್ದು ಚಿನ್ನದ ವ್ಯಾಪಾರಕ್ಕೆ. ನಕ್ಷೆ ಮೊದಲು ಅಚ್ಚಾದಾಗ ಅದು ಅವರ ಕೈಯಲ್ಲೇ ಇತ್ತು. 1637ರಲ್ಲಿ ಡಚ್ಚರು ಅದನ್ನು ಗೆದ್ದುಕೊಂಡರು. ಆಮೇಲೆ ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿ, ಗುಲಾಮರಾಗಿ ಹಡಗು ಹತ್ತಿಸಿದರು. ಆ ವರ್ಷಗಳಲ್ಲೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ನಕ್ಷೆ ಅಚ್ಚಾಗುತ್ತಲೇ ಇತ್ತು. ಕೋಟೆಯ ಪುಟ್ಟ ಚಿತ್ರವೂ ಅದರ ಮೇಲೆ ಇತ್ತು.