ಭಾರ ಬಿದ್ದರೆ ಸಾಲದು, ನಿಲ್ಲಬೇಕು

ಪುಣೆಯ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಐಸ್‌ಕ್ರೀಮ್ ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಅದರ ಮೇಲೆ ‘ಟ್ರೆಬುಶೆ’ (ಹಿಂದೆ ಕೋಟೆಗಳ ಮೇಲೆ ಕಲ್ಲೆಸೆಯುತ್ತಿದ್ದ ಯಂತ್ರ) ಎಂಬ ಚೀಟಿ ಅಂಟಿಸಿಟ್ಟಿರುವುದನ್ನು ಕಂಡಾಗಲೆಲ್ಲ ನನಗೆ ಅಸಹನೆಯಾಗುತ್ತದೆ. ಟ್ರೆಬುಶೆಯಲ್ಲಿ ರಬ್ಬರಿಲ್ಲ, ಸ್ಪ್ರಿಂಗಿಲ್ಲ, ಹುರಿಗೊಳಿಸಿದ ಹಗ್ಗವೂ ಇಲ್ಲ. ಅಚ್ಚಿನ ಮೇಲೆ ತಿರುಗುವ ಒಂದು ತೋಳು, ಅದರ ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಕವಣೆ, ಕವಣೆಯಲ್ಲಿ ಕಲ್ಲು. ಇಷ್ಟೇ ಅದರ ಸಂಸಾರ.

ಮನೆಯಲ್ಲಿ ಮಾಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಸಿಗುವ ತುಂಡು ಮರ, ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಸಿಗುವ ಬೋಲ್ಟು ಮತ್ತು ವಾಷರು, ಹಳೆಯ ಜೀನ್ಸ್ ಬಟ್ಟೆಯ ಒಂದು ತುಂಡು ಇದ್ದರೆ ಸಾಕು. ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳು ಯಂತ್ರ ನಿಂತ ಕೂಡಲೇ ಹೇಳುವ ಮೊದಲ ಮಾತು ಒಂದೇ: “ಕಾಕಾ, ಇನ್ನೊಂದು ಇಟ್ಟಂಗಿ ಏರಿಸೋಣು, ಇನ್ನೂ ದೂರ ಹೋಗ್ತದ.” ಮಕ್ಕಳಷ್ಟೇ ಅಲ್ಲ, ಅವರನ್ನು ಕರೆತಂದ ಎಂಜಿನಿಯರ್ ತಂದೆಯರೂ ಹಾಗೆಯೇ ನಂಬಿರುತ್ತಾರೆ. ಆ ನಂಬಿಕೆಯನ್ನು ಲೆಕ್ಕ ಹಾಕಿಯೇ ನೋಡಬೇಕು.

3 ಕಿಲೋ ಭಾರ 40 ಸೆಂಟಿಮೀಟರ್ ಬೀಳುತ್ತದೆ, ಎಸೆಯುವ ಮಣ್ಣಿನ ಉಂಡೆ 30 ಗ್ರಾಂ, ತೋಳಿನ ಉದ್ದ ಭಾಗ ಗಿಡ್ಡ ಭಾಗದ 4 ಪಟ್ಟು ಎಂದು ಇಟ್ಟುಕೊಳ್ಳೋಣ. ಬೀಳುವ ಭಾರದ ಶಕ್ತಿಯೆಲ್ಲ ಉಂಡೆಗೇ ಸೇರಿ, ಅದು 45 ಡಿಗ್ರಿ ಕೋನದಲ್ಲಿ ಹಾರಿದರೆ, ಗಾಳಿಯ ತಡೆಯನ್ನು ಬಿಟ್ಟು, 80 ಮೀಟರ್ ದೂರ ಹೋಗಬೇಕು. ಈಗ ಕವಣೆಯನ್ನು ತೆಗೆದು ತೋಳಿನ ತುದಿಯಲ್ಲೊಂದು ಬಟ್ಟಲು ಕೂರಿಸೋಣ. ಉಂಡೆಯ ವೇಗ ಯಾವ ಕ್ಷಣದಲ್ಲೂ ಭಾರದ ವೇಗದ ಸರಿಯಾಗಿ 4 ಪಟ್ಟು. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಹಂಚಿಕೆಯಾಗುವುದರಿಂದ ಉಂಡೆಯ ಪಾಲು 16, ಅದರ 100 ಪಟ್ಟು ತೂಗುವ ಭಾರದ ಪಾಲು 100. ಅಂದರೆ, ತೋಳಿನ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಶಕ್ತಿಯ ಶೇಕಡಾ 14ರಷ್ಟು ಮಾತ್ರ ಉಂಡೆಗೆ ಸಿಗುತ್ತದೆ. ಉಳಿದದ್ದನ್ನೆಲ್ಲ ಭಾರ ತಾನೇ ಇಟ್ಟುಕೊಂಡು ಚೌಕಟ್ಟಿಗೆ ಗುದ್ದುತ್ತದೆ. ಹೀಗೆ ಉಂಡೆ ಹೋಗುವುದು ಹೆಚ್ಚೆಂದರೆ 11 ಮೀಟರ್. ಭಾರವನ್ನು ಇಮ್ಮಡಿಗೊಳಿಸಿದರೆ? 11.85 ಮೀಟರ್. ಇಡೀ ಸಿಂಹಗಡವನ್ನೇ ತಂದು ಕಟ್ಟಿದರೂ 12.8 ಮೀಟರ್ ದಾಟುವುದಿಲ್ಲ, ಏಕೆಂದರೆ 40 ಸೆಂಟಿಮೀಟರ್ ಬೀಳುವ ಯಾವ ವಸ್ತುವೂ ಸೆಕೆಂಡಿಗೆ 2.8 ಮೀಟರಿಗಿಂತ ವೇಗ ಪಡೆಯಲಾರದು.

ಆದ್ದರಿಂದ ಪ್ರಶ್ನೆ ಎಷ್ಟು ಭಾರ ಎಂಬುದಲ್ಲ, ಭಾರ ತನ್ನ ವೇಗವನ್ನು ಹೇಗೆ ಬಿಟ್ಟುಕೊಡುತ್ತದೆ ಎಂಬುದು. ಆ ಕೆಲಸ ಕವಣೆಯದು. ಸೋಲಾಪುರ, ವಿಜಯಪುರದ ಕಡೆಯ ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುವವನನ್ನು ನೋಡಿದವರಿಗೆ ಇದು ಹೊಸದಲ್ಲ: ಕಲ್ಲು ಬಿಡುವ ಹೊತ್ತಿಗೆ ಅವನ ಕೈ ಬಹುತೇಕ ನಿಂತಿರುತ್ತದೆ, ಹಗ್ಗ ಮಾತ್ರ ಬೀಸಿಕೊಂಡು ಮುಂದೆ ಹೋಗುತ್ತದೆ. ಟ್ರೆಬುಶೆಯಲ್ಲಿಯೂ ಉಂಡೆ ಮೊದಲು ಜಾರುಹಲಗೆಯ ಮೇಲೆ ಹಿಂದಕ್ಕೆ ಎಳೆಯಲ್ಪಟ್ಟು, ನಂತರ ಮೇಲೆದ್ದು, ತೋಳಿನ ತುದಿಯ ಸುತ್ತ ಹೊರಳತೊಡಗುತ್ತದೆ. ತೋಳು ನೆಟ್ಟಗಾಗುವ ಹಂತದಲ್ಲಿ ಉಂಡೆ ಅದನ್ನು ಹಿಂದಿಕ್ಕಲು ಹೊರಡುತ್ತದೆ. ಆಗ ಬಿಗಿದ ಹಗ್ಗ ತೋಳಿನ ತುದಿಯನ್ನು ಅದರ ಚಲನೆಗೆ ವಿರುದ್ಧವಾಗಿ ಎಳೆಯುತ್ತದೆ. ತೋಳು ನಿಧಾನವಾಗುತ್ತದೆ, ತೋಳಿಗೆ ಕಟ್ಟಿದ ಭಾರವೂ ನಿಧಾನವಾಗುತ್ತದೆ, ಅವು ಕಳೆದುಕೊಂಡ ಶಕ್ತಿ ಹಗ್ಗದ ಮೂಲಕ ಉಂಡೆಗೆ ಹರಿಯುತ್ತದೆ. ಚೆನ್ನಾಗಿ ಹೊಂದಿಸಿದ ಯಂತ್ರದಲ್ಲಿ ಉಂಡೆ ಕಳಚುವ ಕ್ಷಣಕ್ಕೆ ಭಾರ ತಳದಲ್ಲಿ ಹೆಚ್ಚುಕಡಿಮೆ ಸ್ತಬ್ಧವಾಗಿರುತ್ತದೆ, ಚೌಕಟ್ಟು ನಡುಗುವುದೂ ಇಲ್ಲ. ಅದೇ 3 ಕಿಲೋ ಭಾರಕ್ಕೆ 40 ಮೀಟರ್ ಆಗ ದುರಾಸೆಯಲ್ಲ. ನನ್ನ ಮಟ್ಟಿಗೆ ಬಡಗಿಯ ಕಲೆಯಲ್ಲಿ ಇಷ್ಟು ಸೊಗಸಾದ ಯಂತ್ರಶಾಸ್ತ್ರ ಇನ್ನೊಂದಿಲ್ಲ.

ಎಸೆದ ವಸ್ತುವಿನ ಹಾದಿ ಪರವಲಯವೆಂದು ಗೆಲಿಲಿಯೊ 1638ರಲ್ಲಿ ಬರೆಯುವ ಹೊತ್ತಿಗೆ ಈ ಯಂತ್ರಗಳು ಮೂಲೆ ಸೇರಿಯಾಗಿತ್ತು. ಜನರು ಹಗ್ಗ ಹಿಡಿದು ಎಳೆಯುವ ಮಾದರಿ ಚೀನಾದಲ್ಲಿ ಬಹಳ ಹಿಂದಿನಿಂದ ಇತ್ತು. ಭಾರ ಬೀಳುವ ಮಾದರಿಗೆ ಸ್ಪಷ್ಟ ದಾಖಲೆ 12ನೆಯ ಶತಮಾನದ ಮೆಡಿಟರೇನಿಯನ್ ಪ್ರದೇಶದಿಂದ ದೊರೆಯುತ್ತದೆ. ಕುಬ್ಲಾಯ್ ಖಾನನ ಸೈನ್ಯ ಪರ್ಷಿಯಾದಿಂದ ಬಂದ ತಂತ್ರಜ್ಞರ ಯಂತ್ರಗಳ ನೆರವಿನಿಂದ 1273ರಲ್ಲಿ ಚೀನಾದ ಶಿಯಾಂಗ್‌ಯಾಂಗ್ ನಗರವನ್ನು ಮಣಿಸಿತು. 1304ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯನ್ನು ಮುತ್ತಿದಾಗ ಭಾರಕ್ಕೆಂದು ಚರ್ಚುಗಳ ಚಾವಣಿಯ ಸೀಸವನ್ನೇ ಕೀಳಿಸಿದ; ಒಳಗಿನವರು ಶರಣಾಗುತ್ತೇವೆಂದರೂ ತನ್ನ ‘ವಾರ್‌ವುಲ್ಫ್’ ಯಂತ್ರವನ್ನು ಒಮ್ಮೆ ಪ್ರಯೋಗಿಸುವವರೆಗೆ ಒಪ್ಪಲಿಲ್ಲ. ನಮ್ಮಲ್ಲಿ ಅಲಾವುದ್ದೀನ್ ಖಲ್ಜಿಯ ಸೇನಾಪತಿ ನುಸ್ರತ್ ಖಾನ್ ರಣಥಂಬೋರಿನ ಮುತ್ತಿಗೆಯಲ್ಲಿ ಕೋಟೆಯೊಳಗಿಂದ ಇಂಥದೇ ಕಲ್ಲೆಸೆಯುವ ಯಂತ್ರ ಹಾರಿಸಿದ ಕಲ್ಲು ತಗುಲಿ ಸತ್ತ. ಅಹ್ಮದ್‌ನಗರದಲ್ಲಿ 1549ರಲ್ಲಿ ಎರಕ ಹೊಯ್ದು ಮುಂದೆ ವಿಜಯಪುರಕ್ಕೆ ಸಾಗಿಸಿದ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನೋಡಿದರೆ ಯುಗ ಬದಲಾದದ್ದು ತಿಳಿಯುತ್ತದೆ. ಇನ್ನು, ಜೈನ ಪರಂಪರೆಯಲ್ಲಿ ಬರುವ, ಮಗಧದ ದೊರೆ ಅಜಾತಶತ್ರುವಿನ ‘ಮಹಾಶಿಲಾಕಂಟಕ’ ಎಂಬ ಯುದ್ಧಯಂತ್ರವೇ ಜಗತ್ತಿನ ಮೊದಲ ಟ್ರೆಬುಶೆ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶಗಳನ್ನು ನಂಬುವ ಅಗತ್ಯವಿಲ್ಲ. ಹೆಸರಿನಲ್ಲಿ ಶಿಲೆ ಇದ್ದ ಮಾತ್ರಕ್ಕೆ ಅಲ್ಲಿ ಬೀಳುವ ಭಾರ, ಕವಣೆ, ಅಚ್ಚು ಇದ್ದವೆಂದು ಸಾಬೀತಾಗುವುದಿಲ್ಲ.

ಮಾದರಿ ಕಟ್ಟುವವರ ಸಮಯವೆಲ್ಲ ಹೋಗುವುದು ತೋಳಿನ ತುದಿಯ ಮೊಳೆಯ ಮೇಲೆ. ಕವಣೆಯ ಒಂದು ಹಗ್ಗ ತೋಳಿಗೆ ಭದ್ರವಾಗಿ ಕಟ್ಟಿರುತ್ತದೆ. ಇನ್ನೊಂದರ ತುದಿಯ ಉಂಗುರ ಈ ಮೊಳೆಗೆ ಸಿಕ್ಕಿಸಿದ್ದು, ಕವಣೆ ತಿರುಗಿದಾಗ ತಾನೇ ಜಾರಿ ಕಳಚುತ್ತದೆ. ಮೊಳೆ ತೀರ ನೇರವಾಗಿದ್ದರೆ ಉಂಗುರ ಬೇಗ ಕಳಚಿ ಉಂಡೆ ಆಕಾಶಕ್ಕೆ, ಕೆಲವೊಮ್ಮೆ ಹಿಂದಕ್ಕೂ ಹಾರುತ್ತದೆ. ಹೆಚ್ಚು ಬಾಗಿದ್ದರೆ ತಡವಾಗಿ ಕಳಚಿ ಮುಂದಿನ ನೆಲಕ್ಕೇ ಅಪ್ಪಳಿಸುತ್ತದೆ. ಇಕ್ಕಳದಿಂದ ಒಂದೊಂದು ಎಳೆಯಷ್ಟು ಬಾಗಿಸಿ, ಪ್ರತಿ ಎಸೆತವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು; ಒಮ್ಮೆಗೆ ಒಂದನ್ನೇ ಬದಲಿಸಬೇಕು. ಕವಣೆಯನ್ನು ತೋಳಿನ ಉದ್ದ ಭಾಗದಷ್ಟೇ ಉದ್ದವಿಟ್ಟು ಪ್ರಾರಂಭಿಸುವುದು ಒಳ್ಳೆಯದು. ಭಾರವನ್ನು ತೋಳಿಗೆ ಬಿಗಿಯದೆ ತೂಗುವಂತೆ ಕಟ್ಟಿದರೆ ಅದು ಹೆಚ್ಚು ನೆಟ್ಟಗೆ ಬೀಳುತ್ತದೆ. ಚೌಕಟ್ಟಿಗೆ ಚಕ್ರ ಹಾಕಿದರೂ ಅದೇ ಲಾಭ, ಏಕೆಂದರೆ ಭಾರ ಪಕ್ಕಕ್ಕೆ ಓಲಾಡುವ ಬದಲು ಚೌಕಟ್ಟೇ ಹಿಂದೆಮುಂದೆ ಸರಿದುಕೊಳ್ಳುತ್ತದೆ. 30 ಗ್ರಾಮಿನ ಉಂಡೆಯೂ ಕಣ್ಣು ತೆಗೆಯಬಲ್ಲದು, ಆದ್ದರಿಂದ ಟೆರೇಸಿನಲ್ಲಿ ಅಲ್ಲ, ಖಾಲಿ ಮೈದಾನದಲ್ಲಿ, ಯಂತ್ರದ ಮುಂದೆಯೂ ಹಿಂದೆಯೂ ಯಾರನ್ನೂ ನಿಲ್ಲಿಸದೆ, ಉದ್ದನೆಯ ದಾರ ಹಿಡಿದು ಬದಿಯಿಂದಲೇ ಚಿಲಕ ಎಳೆಯಬೇಕು.