ಓದುಗರ ಪ್ರಶ್ನೆ: ಹಾಥಾರ್ನ್ ನಮ್ಮಲ್ಲಿ ಬೆಳೆಯುತ್ತಾ? ಬದುವಿನ ಬಾರಿ ಗಿಡ ಬೋನ್ಸಾಯ್ ಆಗುತ್ತಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹೊಲದ ಬೇಲಿಯಿಂದ ಹಾಥಾರ್ನ್ ಅನ್ನುವ ಮುಳ್ಳಿನ ಮರ ಕಿತ್ತು ತಂದು ಬೋನ್ಸಾಯ್ ಮಾಡುವ ವಿಡಿಯೋ ನೋಡಿದೆ. ನಮ್ಮದು ಸಿಂಧನೂರು ತಾಲೂಕು. ಆ ಮರ ಇಲ್ಲಿ ಬೆಳೆಯುತ್ತಾ? ಇಲ್ಲ ಅಂದ್ರೆ ನಮ್ಮ ಹೊಲದ ಗಿಡವನ್ನೇ ಹಾಗೆ ತರಬಹುದಾ? ಕುಂಡ ಎಂಥದ್ದು ಕೊಳ್ಳಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಹಾಗಾಗಿ ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ಹಾಥಾರ್ನ್ ನಮ್ಮ ಬಿಸಿಲಿಗೆ ಆಗಿಬರುವುದಿಲ್ಲ. ಅದರ ಆಸೆ ಬಿಡಿ. ಆದರೆ ಅಲ್ಲಿ ಹಾಥಾರ್ನ್ ಹೇಗೋ ಇಲ್ಲಿ ಬಾರಿ ಗಿಡ ಹಾಗೆ. ಅದು ನಿಮ್ಮ ಹೊಲದ ಬದುವಿನ ಮೇಲೇ ನಿಂತಿದೆ. ಇನ್ನು ಕುಂಡ ಈಗಲೇ ಕೊಳ್ಳಬೇಡಿ. ಎರಡು ವರ್ಷ ಅದರ ಕೆಲಸವೇ ಇಲ್ಲ.

ಹಾಥಾರ್ನ್ ಗುಲಾಬಿ ಕುಟುಂಬದ ಮರ. ಶಾಸ್ತ್ರದ ಹೆಸರು ಕ್ರಟೀಗಸ್ ಮೊನೊಗೈನಾ. ಬ್ರಿಟನ್ನಿನ ರೈತರು ನೂರಾರು ವರ್ಷಗಳಿಂದ ಇದನ್ನು ಹೊಲದ ಸುತ್ತ ಬೇಲಿಯಾಗಿ ಬೆಳೆಸಿದ್ದಾರೆ. ಮೇ ತಿಂಗಳಲ್ಲಿ ಮೈತುಂಬ ಬಿಳಿ ಹೂ ಬಿಡುವುದರಿಂದ ಅಲ್ಲಿನ ಜನ ಇದನ್ನು ಮೇ ಅಂತಲೇ ಕರೆಯುತ್ತಾರೆ. ಚಳಿಗಾಲ ಹತ್ತಿರ ಬಂದಾಗ ಕೆಂಪು ಹಣ್ಣು. ಬೇಲಿಯನ್ನು ಮತ್ತೆ ಮತ್ತೆ ಕತ್ತರಿಸುತ್ತಾರೆ, ಕುರಿ ದನ ಬಾಯಿ ಹಾಕುತ್ತವೆ. ಮರ ಮೇಲೆ ಹೋಗಲಾರದೆ ಬುಡದಲ್ಲೇ ದಪ್ಪಗಾಗುತ್ತದೆ. ಮೊಣಕಾಲೆತ್ತರದ ಗಿಡಕ್ಕೆ ತೊಡೆ ಗಾತ್ರದ ಬುಡ! ಬೋನ್ಸಾಯ್ ಮಾಡುವವರು ಹುಡುಕುವುದೇ ಅದನ್ನು. ಹೀಗೆ ಬಯಲಿನಿಂದ ತಂದ ಮರಕ್ಕೆ ಜಪಾನಿನವರು ಯಮದೋರಿ ಅನ್ನುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಕುಂಡದಲ್ಲಿ ಸಾಕಿದರೂ ಬಾರದ ಬುಡ ಅಲ್ಲಿ ತಾನಾಗೇ ಬಂದಿರುತ್ತದೆ.

ಆದರೆ ಹಾಥಾರ್ನ್‌ಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಮೊಗ್ಗು ಉಬ್ಬುವ ಮುಂಚೆ ಅಲ್ಲಿನವರು ಅದನ್ನು ಕೀಳುತ್ತಾರೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಆನ್‌ಲೈನ್‌ನಲ್ಲಿ ಬೀಜ ಸಿಗುತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಆ ಬೀಜಕ್ಕೂ ಮೊಳೆಯುವ ಮೊದಲು ತಿಂಗಳುಗಟ್ಟಲೆ ಥಂಡಿ ಆಗಬೇಕು. ಎಷ್ಟೋ ಸಲ ಎರಡನೇ ವಸಂತದವರೆಗೂ ಮೊಳೆಯುವುದಿಲ್ಲ. ಫ್ರಿಜ್‌ನಲ್ಲಿಟ್ಟು ಹೇಗೋ ಮೊಳೆಸಿದಿರಿ ಅಂತಿಟ್ಟುಕೊಳ್ಳಿ. ಮುಂದಿನ ಮೇನಲ್ಲಿ ಸಿಂಧನೂರಿನ 40 ಡಿಗ್ರಿ ದಾಟಿದ ಬಿಸಿಲು ಅದನ್ನು ಉಳಿಸುವುದಿಲ್ಲ. ಸುಮ್ನೆ ದುಡ್ಡು ಹಾಳು.

ಈಗ ಬಾರಿ ಗಿಡಕ್ಕೆ ಬರೋಣ. ಹಳೇ ಮೈಸೂರು ಕಡೆಯವರಿಗೆ ಇದು ಎಲಚಿ, ಇನ್ನು ಕೆಲವರಿಗೆ ಬೋರೆ. ಹಣ್ಣು ತಿನ್ನದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಗಿಡವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಒಂದು ಟೊಂಗೆ ಕೈಯಲ್ಲಿ ಹಿಡಿದು ನೋಡಿ. ಎಲೆಯ ಬುಡದಲ್ಲಿ ಮುಳ್ಳು ಜೋಡಿಯಾಗಿ ಇರುತ್ತವೆ. ಸಾಮಾನ್ಯವಾಗಿ ಒಂದು ನೆಟ್ಟಗೆ ಸೂಜಿಯ ಹಾಗೆ, ಇನ್ನೊಂದು ಗಾಳದ ಹಾಗೆ ಹಿಂದಕ್ಕೆ ಬಾಗಿದ್ದು. ನೆಟ್ಟನೆಯದು ಚುಚ್ಚುತ್ತದೆ, ಬಾಗಿದ್ದು ಅಂಗಿ ಹಿಡಿದು ಬಿಡುವುದಿಲ್ಲ. ಎಲೆಯ ಮೇಲ್ಭಾಗ ಹೊಳೆಯುವ ಹಸಿರು. ತಿರುಗಿಸಿದರೆ ಬೂದಿ ಬಳಿದ ಹಾಗೆ ಬಿಳಿ ನವಿರು. ಬುಡದಿಂದ ಮೂರು ನರ ತುದಿಯವರೆಗೆ ಓಡಿರುತ್ತವೆ. ಗಾಳಿ ಬೀಸಿದಾಗ ಇಡೀ ಗಿಡ ಹಸಿರು ಬಿಳಿ, ಹಸಿರು ಬಿಳಿ ಅಂತ ಮಿಣಿಮಿಣಿ ಆಡುವುದು ಇದರಿಂದಲೇ. ಕುಂಡದಲ್ಲಿಟ್ಟ ಬಾರಿಯಲ್ಲೂ ಈ ಆಟ ಹಾಗೇ ಇರುತ್ತದೆ. ನನಗೆ ಈ ಗಿಡದ ಮೇಲೆ ಪ್ರೀತಿ ಹುಟ್ಟಿದ್ದೇ ಅದನ್ನು ನೋಡಿ.

ನಮ್ಮ ಆಡುಗಳು ಈ ಗಿಡಕ್ಕೆ ಇಂಗ್ಲೆಂಡಿನ ಕುರಿಗಳಿಗಿಂತ ಜಾಸ್ತಿ ಕೆಲಸ ಮಾಡಿವೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಬದುಗಳಲ್ಲಿ ನಡೆದರೆ ಗೊತ್ತಾಗುತ್ತದೆ. ವರ್ಷವೆಲ್ಲ ಆಡು ಮೇಯ್ದು, ಬೇಲಿಗೆ ಅಂತ ರೈತ ಕಡಿದು, ಮತ್ತೆ ಚಿಗುರಿ, ಮತ್ತೆ ಕಡಿಸಿಕೊಂಡ ಗಿಡಗಳು. ಮೇಲೆ ಬರೀ ಎರಡು ಅಡಿ. ಬುಡದಲ್ಲಿ ಗಂಟು ಗಂಟು.

ಇನ್ನು ಕಾಲದ ವಿಷಯ. ಇದನ್ನು ನಾನು ಒಂದು ಒಳ್ಳೆಯ ಗಿಡ ಕಳೆದುಕೊಂಡು ಕಲಿತೆ. ಇಂಗ್ಲಿಷ್ ಪುಸ್ತಕದಲ್ಲಿ ಚಳಿಗಾಲದ ಕೊನೆಗೆ ಕೀಳಿ ಅಂತ ಬರೆದಿತ್ತು. ನಾನೂ ಸಂಕ್ರಾಂತಿ ಕಳೆದ ವಾರವೇ ಹೋದೆ. ಗಿಡದ ತುಂಬ ಹಣ್ಣು. ತಾಯಿಬೇರು ಕತ್ತರಿಸಿ, ನರ್ಸರಿಯೊಂದರಲ್ಲಿ ಕೊಂಡ ನೀಲಿ ಹೊಳಪಿನ ತೆಳು ತಟ್ಟೆಯಲ್ಲಿ ನೆಟ್ಟೆ. ಆ ತಟ್ಟೆಗೆ ಇದ್ದದ್ದು ಒಂದೇ ತೂತು, ಅದೂ ಬೆರಳು ಹೋಗದಷ್ಟು. ಎಲೆ ಮೊದಲು ಮಂಕಾಯಿತು, ಆಮೇಲೆ ಸುರುಳಿಯಾಯಿತು. ಯುಗಾದಿಗೆ ಬೇವು ತರಲು ಹೋದಾಗ ದಾರಿಯಲ್ಲಿ ಅದೇ ಬದುವಿನಲ್ಲಿ ನಾನು ಅಗೆದ ಗುಂಡಿ ಕಂಡು ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು. ಕನಿಷ್ಠ ನಲವತ್ತು ವರ್ಷದ ಬುಡ ಅದು.

ತಪ್ಪು ಎಲ್ಲಿತ್ತು? ಹಾಥಾರ್ನ್ ಮಲಗುವುದು ಚಳಿಗಾಲದಲ್ಲಿ. ಬಾರಿ ಮಲಗುವುದು ಬೇಸಿಗೆಯಲ್ಲಿ! ಬಾರಿ ಗಿಡಕ್ಕೆ ಸಂಕ್ರಾಂತಿ ದುಡಿಮೆಯ ಕಾಲ. ಹೂ ಮುಗಿದು ಹಣ್ಣು ತುಂಬುತ್ತಿರುತ್ತದೆ. ಹಣ್ಣು ಮುಗಿದ ಮೇಲೆ, ಬಿಸಿಲು ಏರಿದಂತೆ ಎಲೆ ಉದುರಿಸುತ್ತದೆ. ಏಪ್ರಿಲ್, ಮೇನಲ್ಲಿ ನಿದ್ದೆ. ಬಾರಿ ತೋಟ ಮಾಡಿದ ರೈತರು ಟೊಂಗೆ ಸವರುವುದೂ ಆಗಲೇ, ನೀವೇ ಕೇಳಿ ನೋಡಿ. ಮುಂಗಾರು ಬಿದ್ದ ಕೂಡಲೇ ಚಿಗುರುತ್ತದೆ. ಹಾಗಾದರೆ ಕೀಳುವ ಕಾಲ ಯಾವುದು? ಏಳುವುದಕ್ಕೆ ಸ್ವಲ್ಪ ಮುಂಚೆ. ನಮ್ಮ ಲೆಕ್ಕದಲ್ಲಿ ರೋಹಿಣಿ ಮಳೆ ಮುಗಿಯುವಾಗ, ಮಿರಗ ಹಿಡಿಯುವಾಗ. ಜೂನ್ ಮೊದಲ ಹತ್ತು ಹದಿನೈದು ದಿನ. ಒಂದು ಹದ ಮಳೆ ಆಗಿ ನೆಲ ಮೆತ್ತಗಾಗಿರಬೇಕು, ಮೊಗ್ಗು ಅಕ್ಕಿಕಾಳಿನಷ್ಟು ಉಬ್ಬಿರಬೇಕು, ಎಲೆ ಬಿಚ್ಚಿರಬಾರದು. ಇಂಗ್ಲೆಂಡಿನ ಪುಸ್ತಕ ಹೇಳಿದ ಸೂತ್ರ ಸರಿಯೇ ಇತ್ತು. ತಿಂಗಳು ಮಾತ್ರ ನಮ್ಮದಾಗಿರಲಿಲ್ಲ.

ಎಲ್ಲಿಂದ ತರಬೇಕು ಅನ್ನುವುದರಲ್ಲಿ ನಾನು ಕಟ್ಟುನಿಟ್ಟು. ನಿಮ್ಮ ಹೊಲ, ಇಲ್ಲವೇ ಕೇಳಿ ಒಪ್ಪಿಗೆ ಪಡೆದ ಹೊಲ. ಅಷ್ಟೇ. ಸಂಡೂರಿನ ಗುಡ್ಡ, ದರೋಜಿ ಕಡೆಯ ಕರಡಿ ಕಾಡು, ಯಾವುದೇ ಅರಣ್ಯದ ಜಾಗದಿಂದ ಒಂದು ಕಡ್ಡಿ ಕೂಡ ಬೇಡ. ಅದು ಕಾನೂನಿಗೂ ವಿರುದ್ಧ, ಆ ಜಾಗಕ್ಕೂ ಅನ್ಯಾಯ. ಬ್ರಿಟನ್ನಿನಲ್ಲೂ 1981ರ ಕಾಯ್ದೆ ಪ್ರಕಾರ ಜಮೀನಿನ ಒಡೆಯನ ಒಪ್ಪಿಗೆ ಇಲ್ಲದೆ ಕಾಡುಗಿಡ ಬೇರುಸಹಿತ ಕೀಳುವ ಹಾಗಿಲ್ಲ. ಹಳೇ ಕೋಟೆ ಗೋಡೆಯ ಅರಳಿ, ಬಸರಿ ಸಸಿಗೂ ಕೈ ಹಾಕಬೇಡಿ. ಬೇರಿನ ಜೊತೆ ಕಲ್ಲೂ ಸಡಿಲವಾಗುತ್ತದೆ. ಒಳ್ಳೆಯ ಜಾಗ ಯಾವುದು ಅಂದ್ರೆ, ಜೆಸಿಬಿ ಬರುವ ಜಾಗ. ನೀರಾವರಿ ಬಂದ ಕಡೆ ಹೊಲ ಮಟ್ಟ ಮಾಡುತ್ತಾರೆ, ಬದು ಒಡೆಯುತ್ತಾರೆ. ಅಲ್ಲಿಯ ಬಾರಿ ಬುಡಗಳು ಹೇಗಿದ್ದರೂ ಒಲೆಗೆ ಹೋಗುತ್ತವೆ. ಒಂದು ವಾರ ಮುಂಚೆ ರೈತನ ಹತ್ತಿರ ಮಾತಾಡಿ. ಯಾರೂ ಬೇಡ ಅನ್ನುವುದಿಲ್ಲ.

ಬನ್ನಿ ಗಿಡ ಬೇಡ. ದಸರೆಗೆ ಕೈಮುಗಿಯುವ ಮರ ಅನ್ನುವುದು ಒಂದು, ಅದರ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅನ್ನುವುದು ಇನ್ನೊಂದು. ಕೈ ಪಳಗಿಸಿಕೊಳ್ಳಲು ಬಳ್ಳಾರಿ ಜಾಲಿ ತನ್ನಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಮರ. ಕೆರೆ ಅಂಗಳ, ಬೀಳು ಭೂಮಿಯನ್ನೆಲ್ಲ ನುಂಗಿದೆ. ಅದನ್ನು ಕಿತ್ತರೆ ನಷ್ಟವಿಲ್ಲ. ಮುಳ್ಳು ಚುಚ್ಚಿದರೆ ಮಾತ್ರ ಕೀವು ಬೇಗ ಆಗುತ್ತದೆ, ಚರ್ಮದ ಕೈಗವಸು ಇರಲಿ.

ಕೀಳುವ ಮೊದಲು ಬುಡದ ಮಣ್ಣನ್ನು ಕೈಯಿಂದ ಕೆದರಿ ನೋಡಿ. ಸುತ್ತಲೂ ಬೆರಳು ಗಾತ್ರದ ಅಡ್ಡಬೇರು ಇದ್ದರೆ ಸರಿ. ಮೂಲಂಗಿಯ ಹಾಗೆ ಒಂದೇ ಬೇರು ಕೆಳಗಿಳಿದಿದ್ದರೆ ಮಣ್ಣು ಮುಚ್ಚಿ ವಾಪಸ್ ಬನ್ನಿ. ಅವಸರ ಇಲ್ಲದಿದ್ದರೆ ಎರಡು ಕಂತಿನಲ್ಲಿ ಕೀಳುವುದು ಎಲ್ಲಕ್ಕಿಂತ ಒಳ್ಳೆಯದು. ಈ ಜೂನ್‌ನಲ್ಲಿ ಬುಡದಿಂದ ಒಂದು ಅಡಿ ದೂರ, ಅರ್ಧ ಸುತ್ತು ಮಾತ್ರ ಅಗೆದು ಬೇರು ಕತ್ತರಿಸಿ, ಆ ಗುಂಡಿಗೆ ಮರಳು ಮಣ್ಣು ತುಂಬಿ. ಕತ್ತರಿಸಿದ ತುದಿಗಳಲ್ಲಿ ಎಳೆಬೇರು ಹುಟ್ಟುತ್ತವೆ. ಮುಂದಿನ ಜೂನ್‌ನಲ್ಲಿ ಉಳಿದ ಅರ್ಧ ಕತ್ತರಿಸಿ ಎತ್ತಿ. ಎತ್ತಿದ ಗಡ್ಡೆಯನ್ನು ತಕ್ಷಣ ಒದ್ದೆ ಗೋಣಿಚೀಲದಲ್ಲಿ ಸುತ್ತಿ. ಬಿಸಿಗಾಳಿಗೆ ಹತ್ತು ನಿಮಿಷ ತೆರೆದಿಟ್ಟರೂ ಎಳೆಬೇರು ಸುಟ್ಟುಹೋಗುತ್ತವೆ. ಟೊಂಗೆಗಳನ್ನು ಚೆನ್ನಾಗಿ ಕಡಿಮೆ ಮಾಡಿ, ದೊಡ್ಡ ಗಾಯಕ್ಕೆ ಕೆಮ್ಮಣ್ಣು ಸೆಗಣಿ ಕಲಸಿ ಮೆತ್ತಿ. ನಾನು ಹಾಗೇ ಮಾಡುತ್ತೇನೆ.

ಮೊದಲ ಮನೆ ಬೋನ್ಸಾಯ್ ಕುಂಡ ಅಲ್ಲ. ಟೊಮೆಟೊ ಕ್ರೇಟ್ ಸಾಕು. ಒಳಗೆ ಶೇಡ್‌ನೆಟ್ ತುಂಡು ಹಾಸಿ. ಎಲ್ಲ ಕಡೆಯಿಂದ ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ. ಕಪ್ಪು ಎರೆಮಣ್ಣು ಬೇಡವೇ ಬೇಡ. ಹತ್ತಿ ಬೆಳೆಯಲು ಅದು ಬಂಗಾರ, ಕುಂಡದಲ್ಲಿ ಅದು ಕಾಟ. ಒದ್ದೆಯಾದರೆ ಹಿಗ್ಗಿ ಉಸಿರು ಕಟ್ಟಿಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ. ನಾನು ಹಾಕುವುದು ಭಟ್ಟಿಯ ಒಡಕು ಇಟ್ಟಿಗೆಯ ಚೂರು ಎರಡು ಪಾಲು, ಕೆಮ್ಮಣ್ಣಿನ ಹರಳು ಒಂದು ಪಾಲು, ಹಳೇ ತಿಪ್ಪೆಗೊಬ್ಬರ ಒಂದು ಹಿಡಿ. ಇಟ್ಟಿಗೆ ಕುಟ್ಟಿ ಜರಡಿ ಹಿಡಿಯಬೇಕು. ಜೋಳದ ಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರ ಉಳಿಸಿಕೊಂಡು ಧೂಳನ್ನೆಲ್ಲ ಚೆಲ್ಲಬೇಕು. ಬೇಸರದ ಕೆಲಸವೇ. ಆದರೆ ಗಿಡ ಉಳಿಯುವುದು ಸಾಯುವುದು ಆ ಧೂಳಿನಲ್ಲಿದೆ. ಧೂಳು ಕೆಳಗೆ ಕೂತು ಕೆಸರಾದರೆ ಗಾಯಗೊಂಡ ಬೇರು ಕೊಳೆಯುತ್ತದೆ.

ನೆಟ್ಟ ಮೇಲೆ ಬುಡವನ್ನು ಕ್ರೇಟಿಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಗಾಳಿಗೆ ಬುಡ ಅಲ್ಲಾಡಿದರೆ ಕೂದಲಿನಂಥ ಹೊಸ ಬೇರು ತುಂಡಾಗುತ್ತದೆ. ನೆರಳಲ್ಲಿಡಿ. ಗೊಬ್ಬರ ಎರಡು ಮೂರು ತಿಂಗಳು ಬೇಡ. ಮೂರನೇ ವಾರಕ್ಕೆ ಚಿಗುರು ಬರುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಚಿಗುರು ಕಾಂಡದೊಳಗಿನ ದಾಸ್ತಾನಿನಿಂದ ಬಂದದ್ದು, ಬೇರಿನಿಂದ ಅಲ್ಲ. ಬೇರು ಹಿಡಿಯದಿದ್ದರೆ ಶ್ರಾವಣದ ಹೊತ್ತಿಗೆ ಅದು ಬಾಡುತ್ತದೆ. ದೀಪಾವಳಿ ದಾಟಿ ಚಿಗುರು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದರೆ ಆಗ ನಂಬಿ. ಎಳೆದು ನೋಡಬೇಡಿ. ಇಷ್ಟು ವರ್ಷದ ಮೇಲೂ ನಾನು ತಂದ ಬಾರಿಗಳಲ್ಲಿ ಎಲ್ಲವೂ ಉಳಿಯುವುದಿಲ್ಲ. ಆದ್ದರಿಂದಲೇ ಹೇಗಿದ್ದರೂ ಹೋಗುವ ಬುಡವನ್ನೇ ಹುಡುಕಿ ಅನ್ನುವುದು.

ಇನ್ನು ಕುಂಡ. ಬೋನ್ಸಾಯ್ ಅನ್ನುವ ಪದದಲ್ಲೇ ಬೋನ್ ಅಂದರೆ ತಟ್ಟೆ, ಸಾಯ್ ಅಂದರೆ ನೆಟ್ಟ ಗಿಡ. ಹಾಗಾಗಿ ಕುಂಡಕ್ಕೆ ಅರ್ಧ ಮರ್ಯಾದೆ ಸಲ್ಲಬೇಕು. ಸಾಮಾನ್ಯ ಲೆಕ್ಕ ಹೀಗಿದೆ. ಕುಂಡದ ಉದ್ದ ಮರದ ಎತ್ತರದ ಮೂರರಲ್ಲಿ ಎರಡು ಪಾಲು. ಆಳ, ಬುಡದ ದಪ್ಪದಷ್ಟು. ಹಾಥಾರ್ನ್‌ನಂಥ ಹೂವಿನ ಮರಕ್ಕೆ ನೀಲಿ ಅಥವಾ ತಿಳಿಹಸಿರು ಹೊಳಪಿನ ಕುಂಡ ಇಡುವುದು ರೂಢಿ. ಬಿಳಿ ಹೂ, ಕೆಂಪು ಹಣ್ಣು ಎರಡೂ ಅದರ ಮುಂದೆ ಎದ್ದು ಕಾಣುತ್ತವೆ. ಆದರೆ ಬಾರಿಯ ಹೂ ಕಣ್ಣಿಗೇ ಬೀಳದಷ್ಟು ಸಣ್ಣದು, ಹಳದಿ ಹಸಿರು. ಅದರ ಚೆಂದ ಇರುವುದು ಬಿರುಕು ಬಿಟ್ಟ ಕಪ್ಪು ತೊಗಟೆಯಲ್ಲಿ, ಎಲೆಯ ಬಿಳಿ ಬೆನ್ನಿನಲ್ಲಿ. ಹಾಗಾಗಿ ನಾನು ಬಾರಿಗೆ ಹೊಳಪು ಬೇಡ ಅನ್ನುತ್ತೇನೆ. ಸುಟ್ಟ ಮಣ್ಣಿನ ಬಣ್ಣವೇ ಅದಕ್ಕೆ ಒಪ್ಪುತ್ತದೆ.

ಇಲ್ಲಿ ನಮಗೊಂದು ಅನುಕೂಲ ಇದೆ. ಚಳಿ ದೇಶದಲ್ಲಿ ಸಾದಾ ಮಣ್ಣಿನ ಕುಂಡ ಉಳಿಯುವುದಿಲ್ಲ. ಅದರ ರಂಧ್ರದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಕುಂಡ ಸಿಪ್ಪೆ ಏಳುತ್ತದೆ. ಅದಕ್ಕೇ ಅವರು ಜಾಸ್ತಿ ಶಾಖದಲ್ಲಿ ಸುಟ್ಟ ದುಬಾರಿ ಕುಂಡ ಕೊಳ್ಳುತ್ತಾರೆ. ನಮಗೆ ಆ ಭಯ ಇಲ್ಲ. ಊರ ಕುಂಬಾರರು ಮಾಡಿದ್ದೇ ನಡೆಯುತ್ತದೆ. ಅಷ್ಟೇ ಅಲ್ಲ, ನೀರಿನ ಮಡಕೆ ತಂಪಾಗಿರುವ ಹಾಗೆ ಆ ಕುಂಡವೂ ಬೆವರಿ ಬೇರನ್ನು ತಂಪಾಗಿಡುತ್ತದೆ. ನಮ್ಮ ಶತ್ರು ಬಿಸಿಲು. ಆದ್ದರಿಂದ ಆಳದ ಲೆಕ್ಕ ಮುರಿಯಿರಿ. ಬುಡದ ದಪ್ಪ ಮೂರು ಇಂಚಾದರೆ ಕುಂಡ ಐದು ಇಂಚು ಆಳ ಇರಲಿ. ಆರ್‌ಸಿಸಿ ಮಾಳಿಗೆಯ ಮೇಲೆ ನೇರವಾಗಿ ಇಡಬೇಡಿ, ಹಲಗೆಯ ಮೇಲಿಡಿ.

ಕುಂಬಾರರಿಗೆ ಹೇಳುವಾಗ ಮೂರು ಮಾತು ಬಿಡಿಸಿ ಹೇಳಿ. ಹಸಿ ಇರುವಾಗಲೇ ತಳಕ್ಕೆ ಹೆಬ್ಬೆರಳು ಹೋಗುವಂಥ ಎರಡು ತೂತು, ತಂತಿ ಕಟ್ಟಲು ನಾಲ್ಕು ಸಣ್ಣ ತೂತು. ತಳ ನೆಲಕ್ಕೆ ಅಂಟದಂತೆ ನಾಲ್ಕು ಕಾಲು. ಅಂಚು ಒಳಕ್ಕೆ ಬಾಗಬಾರದು, ಬಾಗಿದರೆ ಮುಂದೆ ಬೇರಿನ ಗಡ್ಡೆ ಹೊರಗೆ ಬರುವುದಿಲ್ಲ. ಅಳತೆಯನ್ನು ಹತ್ತರಲ್ಲಿ ಒಂದು ಪಾಲು ದೊಡ್ಡದು ಹೇಳಿ, ಒಣಗಿ ಸುಟ್ಟಾಗ ಮಣ್ಣು ಕುಗ್ಗುತ್ತದೆ.

ಸಿಂಧನೂರಿನ ನಿಮಗೆ ಈ ವರ್ಷದ ಕೆಲಸ ಇಷ್ಟೇ. ಈಗ ಬದುವಿನ ಮೇಲೆ ನಡೆದು ಬುಡ ಗುರುತು ಮಾಡಿ, ಒಂದು ಬಟ್ಟೆ ಚೂರು ಕಟ್ಟಿ ಬನ್ನಿ. ಮಿರಗಕ್ಕೆ ಅರ್ಧ ಸುತ್ತು ಅಗೆಯಿರಿ. ಮುಂದಿನ ಮಿರಗಕ್ಕೆ ಕ್ರೇಟು. ಅದಾದ ಮೇಲೆ ಒಂದು ಪೂರ್ತಿ ವರ್ಷ ಚೆನ್ನಾಗಿ ಬೆಳೆದರೆ, ಆ ಬೇಸಿಗೆಯಲ್ಲಿ ಎಲೆ ಉದುರಿದಾಗ ಗಿಡದ ಅಳತೆ ತೆಗೆದುಕೊಂಡು ಕುಂಬಾರರ ಮನೆಗೆ ಹೋಗಿ.